ಹೋಸ್ಟಿಂಗ್ ವ್ಯಾಪಾರ ಮತ್ತು ಹದಿನಾಲ್ಕನೆಯ ಮದುವೆ

ಫೆಬ್ರವರಿ 2, ಭಾನುವಾರದ ದಿನಚರಿಯಲ್ಲಿ ನಾನು ಬರೆದಿರುವುದು ಇಷ್ಟು: "ಇಂದಿನಿಂದ ಸ್ವಂತ ವ್ಯಾಪಾರ. ಗ್ರಾಹಕರು: 0. ವಿಸಿಟಿಂಗ್ ಕಾರ್ಡ್: 500." ಮುಂದಿನ ಭಾನುವಾರದ ಲೆಕ್ಕದಲ್ಲಿ ಗ್ರಾಹಕರು ಅಷ್ಟೇ ಇದ್ದರು, ಕಾರ್ಡುಗಳು 488 ಆಗಿದ್ದವು. ಪ್ರಗತಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಈ ವ್ಯಾಪಾರ ಹುಟ್ಟಿದ್ದು ಹೆಬ್ಬಾಳದ ಫ್ಲೈಓವರ್ ಮೇಲೆ. ಬಸ್ಸು ನಲವತ್ತು ನಿಮಿಷ ನಿಂತಿತ್ತು. ಅಷ್ಟರೊಳಗೆ ಪಕ್ಕದ ಸೀಟಿನಲ್ಲಿದ್ದ ಗೆಳತಿ ನನ್ನನ್ನು ಉದ್ಯಮಿ ಮಾಡಿ ಮುಗಿಸಿದ್ದಳು.

"ಮಗಾ, ನೀನೇನೂ ಮಾಡಂಗಿಲ್ಲ. ದೊಡ್ಡ ಕಂಪನಿ ಹತ್ರ ಸರ್ವರಲ್ಲಿ ಜಾಗ ತಗೋತೀಯ. ವೆಬ್‌ಸೈಟ್ ಇಡೋಕೆ ಜಾಗ ಬೇಕಾದೋರಿಗೆ ಚಿಕ್ಕಚಿಕ್ಕದಾಗಿ ಕತ್ತರಿಸಿ ನಿನ್ ಹೆಸರಲ್ಲಿ ಮಾರ್ತೀಯ, ಅದೇ ಹೋಸ್ಟಿಂಗ್. ವೆಬ್‌ಸೈಟು ತಾನಾಗೇ ಓಡ್ತಿರುತ್ತೆ, ನೀನು ನಿದ್ದೆ ಮಾಡ್ತಿರ್ತೀಯ."

"ಕೆಟ್ಟೋದ್ರೆ?"

"ಕೆಡಕ್ಕೆ ಅದೇನ್ ಹಾಲಾ?"

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಕೊಂಡು ಕೋಗಿಲು ಕ್ರಾಸಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರುವವರು ಮಾಡುವುದೂ ಇದನ್ನೇ ಎಂದು ನನಗೆ ನಾನೇ ಹೇಳಿಕೊಂಡೆ. ವ್ಯತ್ಯಾಸ ಒಂದೇ ಇತ್ತು, ಅದು ನನಗೆ ತಡವಾಗಿ ಹೊಳೆಯಿತು. ಅವರು ಮೂಟೆಯೊಳಗೆ ಕೈಹಾಕಿ ಕೊಳೆತದ್ದನ್ನು ಆರಿಸಿ ಎಸೆಯಬಲ್ಲರು. ನನ್ನ ಮೂಟೆ ಯಾವುದೋ ದೇಶದ ಗೋದಾಮಿನಲ್ಲಿತ್ತು; ಅದರ ಬೀಗದ ಕೈ ಕಂಪನಿಯ ಬಳಿ ಇತ್ತು; ನನ್ನ ಬಳಿ ಇದ್ದದ್ದು ತಕ್ಕಡಿ ಮಾತ್ರ.

ಯಲಹಂಕದ ನಮ್ಮ ಮನೆಯ ಮಹಡಿಯಲ್ಲಿ, ಅಮ್ಮ ಹಪ್ಪಳ ಒಣಗಿಸುವ ಜಾಗಕ್ಕೆ ಅಂಟಿಕೊಂಡ ಕೋಣೆಯೇ ಪ್ರಧಾನ ಕಚೇರಿ. ಏಪ್ರಿಲ್ ಹೊತ್ತಿಗೆ ಗ್ರಾಹಕರು ಒಂಬತ್ತು ಮಂದಿಯಾದರು. ಆ ತಿಂಗಳು ಬಂದ ಕರೆಗಳು 63. ಅದರಲ್ಲಿ ಹೋಸ್ಟಿಂಗಿಗೆ ಸಂಬಂಧಿಸಿದವು ಏಳು. ಉಳಿದವು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ, ಮರೆತುಹೋದ ಪಾಸ್‌ವರ್ಡ್, ಮೊಮ್ಮಗನ ಆನ್‌ಲೈನ್ ಅರ್ಜಿ, ಇನ್ನೊಂದು ಗ್ಯಾಸ್ ಬುಕಿಂಗ್. ಆರ್.ಟಿ. ನಗರದ ಟ್ಯೂಷನ್ ಮೇಷ್ಟ್ರೊಬ್ಬರು ತಮ್ಮ ಬಳಿ ಇದ್ದಬದ್ದ ಇ-ಮೇಲ್ ವಿಳಾಸಕ್ಕೆಲ್ಲ ಒಂದೇ ಸಲ ಹಬ್ಬದ ಶುಭಾಶಯ ಕಳಿಸಿದರು. ಒಂಬತ್ತೂ ಜನರಿಗೆ ನಾನು ಮಾರಿದ್ದು ಒಂದೇ ಸರ್ವರಿನ ತುಂಡುಗಳಾದ್ದರಿಂದ, ಆ ವಾರವಿಡೀ ಅಲ್ಲಿಂದ ಹೊರಟ ಒಂಬತ್ತೂ ಜನರ ಇ-ಮೇಲ್‌ಗಳು ಸ್ಪ್ಯಾಮ್ ಎನಿಸಿಕೊಂಡು ಎಲ್ಲೆಡೆ ಕಸದ ಡಬ್ಬಿ ಸೇರಿದವು. ಮೇಷ್ಟ್ರು ಮಾತ್ರ ಸಂತೋಷವಾಗಿದ್ದರು. ಅವರ ಶುಭಾಶಯ ಅಷ್ಟರೊಳಗೆ ತಲುಪಿತ್ತು.

ಒಂಬತ್ತರಲ್ಲಿ ದೊಡ್ಡ ಗ್ರಾಹಕರೆಂದರೆ ರಾಜಾನುಕುಂಟೆಯ ಒಂದು ಕಲ್ಯಾಣ ಮಂಟಪ. ಅದನ್ನು ನಡೆಸುವ ಅಕ್ಕ ಕೆಂಪು ಬಟ್ಟೆಯ ರಟ್ಟಿನ ದಪ್ಪ ಪುಸ್ತಕದಲ್ಲಿ ಮದುವೆಯ ದಿನಗಳನ್ನು ಬರೆದಿಡುತ್ತಿದ್ದರು. ನಾನು ಆ ಪುಸ್ತಕವನ್ನು ಕನಿಕರದಿಂದ ನೋಡಿದೆ.

"ವೆಬ್‌ಸೈಟ್ ಅಂದ್ರೆ ಇಂಟರ್ನೆಟ್ಟಲ್ಲಿ ನಿಮ್ದೇ ಒಂದು ಮನೆ ಇದ್ದಂಗೆ ಅಕ್ಕ" ಎಂದೆ. "ಜನ ಅಲ್ಲೇ ಬಂದು ದಿನ ಹಿಡ್ಕೋತಾರೆ. ಮುಂಗಡ ಕೂಡ ಆಮೇಲೆ ಕೊಡ್ಬಹುದು. ಈ ಪುಸ್ತಕ ನೆನೆದ್ರೆ, ಇಲಿ ಕಡಿದ್ರೆ ಏನ್ಮಾಡ್ತೀರ?"

ಏಪ್ರಿಲ್ 6ರಂದು ನನ್ನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು ವೆಬ್‌ಸೈಟಿನ ಗೃಹಪ್ರವೇಶ ಆಯಿತು. ಅಕ್ಕ ಕೆಂಪು ಪುಸ್ತಕವನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅಂದಿನಿಂದ ಪ್ರತಿ ಸಂಜೆ ನಾನು ದಿನಚರಿಯಲ್ಲಿ ಎರಡು ವಿಷಯ ಬರೆಯತೊಡಗಿದೆ: ಬ್ಯಾಕಪ್ ಆಯಿತೆಂಬುದಕ್ಕೆ ಒಂದು ಟಿಕ್, ಮಂಟಪದ ಒಟ್ಟು ಬುಕಿಂಗ್ ಎಷ್ಟೆಂಬ ಅಂಕಿ. ಶಿಸ್ತಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಜೂನ್ 28ರಂದು ಕಂಪನಿಯಿಂದ ಪತ್ರ ಬಂತು. ನಮ್ಮ ಸರ್ವರ್ ಹಳೆಯದಾಗಿದೆಯಂತೆ. ಜುಲೈ 22ರೊಳಗೆ ಎಲ್ಲವನ್ನೂ ಹೊಸದಕ್ಕೆ ಸಾಗಿಸಿಕೊಳ್ಳಬೇಕಂತೆ. ಆಮೇಲೆ ಹಳೆಯದು ಇರುವುದಿಲ್ಲವಂತೆ. ಅರ್ಧ ದಿನದ ಕೆಲಸ. ಯಾರಿಗೂ ಹೇಳದೆ ಮಾಡಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ನನ್ನ ಐನೂರು ಕಾರ್ಡುಗಳ ಹಿಂಬದಿಯಲ್ಲಿ 'ನಿಮ್ಮನ್ನು ಕೇಳದೆ ಏನನ್ನೂ ಮಾಡುವುದಿಲ್ಲ' ಎಂದು ಅಚ್ಚು ಹಾಕಿಸಿದ್ದೆ. ಕೇಳಿದೆ. ಎಂಟು ಜನ "ಮಾಡ್ಕೊಳಮ್ಮ" ಎಂದರು. ಅವರದೆಲ್ಲ ಆ ವಾರವೇ ಸಾಗಿಸಿದೆ.

ಒಂಬತ್ತನೆಯವರು ಅಕ್ಕ.

"ಆಷಾಢದಾಗೆ ಯಾರಾದ್ರೂ ಮನೆ ಬದಲಾಯಿಸ್ತಾರಾ ಕಣಮ್ಮ?"

"ಅಕ್ಕ, ಇದು ಮನೆ ಅಲ್ಲ, ಸರ್ವರು."

"ಮನೆ ಇದ್ದಂಗೆ ಅಂತ ನೀನೇ ಏಳಿದ್ದೆ. ನಿಂಬೆಅಣ್ಣು ಯಾಕ್ ಕೊಯ್ಸಿದ್ದೆ ಅಂಗಾರೆ?"

ನಾನು ಕಂಪನಿಯ ಪತ್ರ ತೆಗೆದು ಗಡುವಿನ ದಿನಾಂಕ ತೋರಿಸಿದೆ.

"ಭೀಮನ ಅಮಾಸೆ ಕಳೀಲಿ. ಮಾರನೇ ದಿನಾನೇ ಮಾಡು, ನಾನೇನ್ ಬ್ಯಾಡ ಅನ್ನಲ್ಲ. ಈಗ ಮದುವೆನೂ ಇಲ್ಲ, ಆತುರ ಏನೈತೆ?"

ಅಮಾವಾಸ್ಯೆ ಜುಲೈ 24ಕ್ಕೆ. ಎರಡೇ ದಿನದ ವ್ಯತ್ಯಾಸ. ಕಂಪನಿಯ ಚಾಟಿನಲ್ಲಿ ಗಡುವು ಮೂರು ದಿನ ಮುಂದೆ ಹಾಕಿ ಎಂದು ಬೇಡಿಕೊಂಡೆ. ಕಾರಣ ಕೇಳಿದಾಗ ಆಷಾಢವನ್ನು ನನ್ನ ಇಂಗ್ಲಿಷಿನಲ್ಲಿ ಎಂಟು ಸಾಲುಗಳಲ್ಲಿ ವಿವರಿಸಿದೆ. ನಿಮ್ಮ ಕಾಳಜಿ ನಮಗೆ ಸಂಪೂರ್ಣ ಅರ್ಥವಾಗುತ್ತದೆ, ಸಂಬಂಧಪಟ್ಟವರಿಗೆ ತಿಳಿಸುತ್ತೇವೆ ಎಂದು ಉತ್ತರ ಬಂತು. ಸೇವೆ ಹೇಗಿತ್ತು ಎಂದು ಕೇಳಿದ್ದಕ್ಕೆ ಐದು ನಕ್ಷತ್ರ ಕೊಟ್ಟೆ. ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಒಪ್ಪದೇ ಇರುತ್ತಾರೆಯೇ?

ಜುಲೈ 23, ಬುಧವಾರ ಬೆಳಗ್ಗೆ ಹತ್ತಕ್ಕೆ ಮಂಟಪದ ವೆಬ್‌ಸೈಟ್ ಇರಲಿಲ್ಲ. ನಾನು ಗಾಬರಿಯಾಗಲಿಲ್ಲ, ಏಕೆಂದರೆ ಬ್ಯಾಕಪ್ ಇತ್ತು. ಏಪ್ರಿಲ್ 6ರಿಂದ ಹಿಂದಿನ ದಿನದವರೆಗೆ ಟಿಕ್‌ಗಳನ್ನು ಎಣಿಸಿದೆ: ಸರಿಯಾಗಿ ನೂರೆಂಟು. ಒಂದು ಅಷ್ಟೋತ್ತರವೇ ಮುಗಿದಿತ್ತು. ಆಮೇಲೆ ಆ ನೂರೆಂಟು ಪ್ರತಿಗಳು ಎಲ್ಲಿ ಉಳಿಯುತ್ತಿದ್ದವು ಎಂದು ಹುಡುಕಿದೆ. ಅದೇ ಸರ್ವರಿನಲ್ಲಿ. ಮನೆಗೆ ಬೆಂಕಿ ಬಿದ್ದರೆ ಇರಲಿ ಎಂದು ಪತ್ರಗಳ ಜೆರಾಕ್ಸ್ ಮಾಡಿಸಿ ಅದೇ ಬೀರುವಿನಲ್ಲಿ ಇಟ್ಟವಳು ನಾನು. ಬುಕಿಂಗ್ ಆದಾಗಲೆಲ್ಲ ಅಕ್ಕನಿಗೆ ಹೋಗುತ್ತಿದ್ದ ಇ-ಮೇಲ್‌ಗಳೂ ಅಲ್ಲೇ ಇದ್ದವು.

ಗೆಳತಿಗೆ ಫೋನ್ ಮಾಡಿದೆ.

"ನಾನ್ ಕೊಟ್ಟಿದ್ದು ಐಡಿಯಾ ಮಗಾ. ಗ್ಯಾರಂಟಿ ಕೊಟ್ಟಿದ್ನಾ?" ಎಂದಳು.

ಸ್ಕೂಟರಿನಲ್ಲಿ ರಾಜಾನುಕುಂಟೆ ಮುಟ್ಟಿ ಹೇಳಿದಾಗ ಅಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಟ್ಟ ಹತ್ತಿ ಕೆಂಪು ಪುಸ್ತಕ ಇಳಿಸಿ, ಸೀರೆ ಬಿಚ್ಚಿ, ಹೊಸ ಪುಟ ತೆಗೆದರು.

"ಎಷ್ಟಿದ್ವು?"

"ಹದಿನಾಲ್ಕು." ಅದೊಂದನ್ನು ನಾನು ಖಚಿತವಾಗಿ ಹೇಳಬಲ್ಲೆ. ದಿನಚರಿಯಲ್ಲಿ ನೂರೆಂಟು ದಿನವೂ ಬುಕಿಂಗ್ ಎಷ್ಟೆಂದು ಬರೆದಿದ್ದೆ. ಯಾವ ದಿನಕ್ಕೆ, ಯಾರದು ಎಂದು ಒಮ್ಮೆಯೂ ಬರೆದಿರಲಿಲ್ಲ.

ಮುಂಗಡ ಹಾಕಿದವರ ಸಂದೇಶಗಳು ಅಕ್ಕನ ಫೋನಿನಲ್ಲಿದ್ದವು. ಎಂಟು ಮನೆಯವರು ಸಿಕ್ಕಿದರು. ಅಡುಗೆ ಭಟ್ಟರು ಮಂಟಪದ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ತಮ್ಮೊಂದಿಗೆ ಊಟ ಮಾತಾಡಿದ ಮದುವೆಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು. ಅದರ ಮೇಲೆ ಎಣ್ಣೆಗೈಯ ಹೆಬ್ಬೆಟ್ಟಿನ ಗುರುತುಗಳು. ಅಲ್ಲಿ ಇನ್ನೂ ಐದು. "ಇದಕ್ಕೆ ಕರೆಂಟ್ ಬೇಡ ನೋಡಿ" ಎಂದರು ಭಟ್ಟರು, ಸಹಾಯ ಮಾಡುವ ಧ್ವನಿಯಲ್ಲೇ.

ಹದಿಮೂರು. ಎಲ್ಲೋ ಒಂದು ಮನೆಯಲ್ಲಿ, ಮಂಟಪ ಗೊತ್ತಾಗಿದೆ ಎಂದು ನೆಮ್ಮದಿಯಾಗಿ ಲಗ್ನಪತ್ರಿಕೆ ಹಂಚುತ್ತಿದ್ದಾರೆ. ಅವರ ದಿನ ಯಾವುದೆಂದು ನಮಗೆ ತಿಳಿಯದು. ಆ ದಿನವನ್ನು ಬೇರೆಯವರಿಗೆ ಕೊಟ್ಟರೆ ಒಂದೇ ಬಾಗಿಲಿಗೆ ಎರಡು ದಿಬ್ಬಣ. ಹೊಸ ವೆಬ್‌ಸೈಟ್ ಎಬ್ಬಿಸಿ, ದಿನ ಹಿಡಿದವರು ದಯವಿಟ್ಟು ಕರೆ ಮಾಡಿ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಒಮ್ಮೆ ಗೊತ್ತುಮಾಡಿದ ಛತ್ರದ ವೆಬ್‌ಸೈಟನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಮೊದಲ ವಾರ ನೋಡಿದವರು ಮೂವರು, ಮೂವರೂ ನಾನೇ.

ಕಾರ್ತಿಕದವರೆಗೆ ಮಂಟಪದಲ್ಲಿ ಖಾಲಿ ಉಳಿದ ಮುಹೂರ್ತಗಳು ಹನ್ನೊಂದು, ಶ್ರಾವಣದಲ್ಲೇ ಐದು. ಒಂದನ್ನೂ ಕೊಡುವುದಿಲ್ಲ ಎಂದು ಅಕ್ಕ ತೀರ್ಮಾನಿಸಿದರು. ಬಂದವರನ್ನು ಬಂದಂತೆ ವಾಪಸ್ ಕಳಿಸಿದರು. ಮದುವೆಯ ಮನೆಯವರು ಪಾತ್ರೆ ಪದಾರ್ಥ ಹೇರಿಕೊಂಡು ಬರುವುದು ಹಿಂದಿನ ಮಧ್ಯಾಹ್ನ. ಆದ್ದರಿಂದ ಪ್ರತಿ ಖಾಲಿ ಮುಹೂರ್ತದ ಹಿಂದಿನ ಮಧ್ಯಾಹ್ನ ನಾನು ಬಂದು ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು. 'ಗ್ರಾಹಕರೊಂದಿಗೆ ಸದಾ ಇರುತ್ತೇವೆ' ಎಂಬುದೂ ನನ್ನ ಕಾರ್ಡಿನ ಹಿಂಬದಿಯಲ್ಲಿತ್ತು.

ಹೀಗೆ ಎರಡು ಸಲ ಕೂತೆ. ಮೊದಲ ದಿನ ಬಂದವರು: ಕುರಿ ಅಟ್ಟಿಕೊಂಡು ಬಂದವನೊಬ್ಬ, ನೀರಿನ ಟ್ಯಾಂಕರ್, ಎರಡು ನಾಯಿ. ಎರಡನೆಯ ದಿನ ನಾಯಿಗಳು ಮಾತ್ರ.

ಆಗಸ್ಟ್ 9ರಂದು ಒಂದು ಕುಟುಂಬ 20ರ ಮುಹೂರ್ತ ಬೇಕೇಬೇಕೆಂದು ಬಂದು ಕೂತಿತು. ಹುಡುಗನಿಗೆ ರಜೆ ಇಲ್ಲ, ಬೇರೆಲ್ಲೂ ಸಿಗುತ್ತಿಲ್ಲ. ನಾನು ಅಕ್ಕನನ್ನು ಪಕ್ಕಕ್ಕೆ ಕರೆದೆ.

"ಇನ್ನು ಒಂಬತ್ತು ದಿನ ಖಾಲಿ ಇದೆ ಅಕ್ಕ. ಆ ಮದುವೆ ಸರಿಯಾಗಿ 20ಕ್ಕೇ ಇರೋದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಕೊಟ್ಬಿಡಿ, ಏನೂ ಆಗಲ್ಲ."



"ಒಂಬತ್ತ್ರಾಗೆ ಒಂದು ಮದುವೆ ಆಗಾಕಿಲ್ಲ ಕಣಮ್ಮ. ಆದ್ರೆ ಪೂರ್ತಿ ಆಗ್ತೈತೆ, ಇಲ್ಲಾಂದ್ರೆ ಇಲ್ಲ. ಎಣ್ಣು ಎತ್ತೋರು ಗೇಟ್ನಾಗೆ ಬಂದು ನಿಂತ್ರೆ ನಿನ್ ಲೆಕ್ಕ ತೋರ್ಸನಾ?"

ಬಂದವರನ್ನು ಕಾಫಿ ಕೊಟ್ಟು ಕಳಿಸಿದರು. ನಾನು ದಿನಚರಿಯಲ್ಲಿ 'ಅಕ್ಕನಿಗೆ ಗಣಿತ ಬರುವುದಿಲ್ಲ' ಎಂದು ಬರೆದೆ.

ಮಾರನೆಯ ದಿನ ಭಾನುವಾರ. ಹಿಂದಿನ ದಿನದ ವಾದಕ್ಕೆ ಸಮಾಧಾನ ಹೇಳಲೆಂದು ಹೋಗಿದ್ದೆ. ಹನ್ನೊಂದರ ಸುಮಾರಿಗೆ ಒಂದು ಸ್ಕೂಟರ್ ಗೇಟಿನೊಳಗೆ ಬಂತು. ನನ್ನದೇ ವಯಸ್ಸಿನ ಹುಡುಗಿ, ಕೈಯಲ್ಲಿ ಅಳತೆಯ ಟೇಪು.

"ಸ್ಟೇಜ್ ಅಳತೆ ತಗೋಬೇಕಿತ್ತು. ಹೂವಿನವರು ಕೇಳ್ತಿದಾರೆ" ಎಂದಳು. "ಆಮೇಲೆ ಮದುಮಗಳ ರೂಮಲ್ಲಿ ಕನ್ನಡಿ ಉದ್ದದ್ದಿದ್ಯಾ, ಇಲ್ಲ ನಾವೇ ತರ್ಬೇಕಾ?"

"ಯಾರ ಮದುವೆ?" ಎಂದು ಕೇಳಿದೆ.

"ನಂದೇ." ನಕ್ಕಳು. "ಮೇ ತಿಂಗಳಲ್ಲೇ ವೆಬ್‌ಸೈಟಲ್ಲಿ ಬುಕ್ ಮಾಡಿದ್ವಿ, ಮುಂಗಡ ಆಮೇಲೆ ಕೊಟ್ರಾಯ್ತು ಅಂತಿತ್ತಲ್ಲ. ಅಡುಗೆ ನಮ್ ಚಿಕ್ಕಪ್ಪಂದೇ, ಹಂಗಾಗಿ ಈ ಕಡೆ ಬರೋ ಕೆಲ್ಸಾನೇ ಬೀಳ್ಲಿಲ್ಲ." ಫೋನಿನಲ್ಲಿ ತನಗೆ ಬಂದಿದ್ದ ಪತ್ರ ತೆಗೆದು ತೋರಿಸಿದಳು. ಮೇಲೆ ನಾನೇ ವಿನ್ಯಾಸ ಮಾಡಿದ ಮಾವಿನೆಲೆಯ ತೋರಣ. ಕೆಳಗೆ ದಿನಾಂಕ: ಆಗಸ್ಟ್ 20.

ನಾನು ಅಕ್ಕನ ಮುಖ ನೋಡಲಿಲ್ಲ. ಅಕ್ಕನೂ ನನ್ನ ಕಡೆ ನೋಡದಷ್ಟು ದೊಡ್ಡವರಾಗಿದ್ದರು.

"ಎಲ್ಲಾ ಸರಿ ಇದೆ ತಾನೇ?" ಹುಡುಗಿಗೆ ಸಣ್ಣ ಅನುಮಾನ ಬಂದಿತ್ತು.

"ಎಲ್ಲಾ ಸರಿ ಐತೆ ಕಣವ್ವ. ನಿನ್ ದಿನ ನಿಂಗೇ ಇಟ್ಟಿವ್ನಿ" ಎಂದರು ಅಕ್ಕ. "ಕನ್ನಡಿ ಉದ್ದದ್ದೇ ಐತೆ. ಬಾ ತೋರಿಸ್ತೀನಿ."

ಅಳತೆ ಮುಗಿಸಿ ಹೊರಟಾಗ ಹುಡುಗಿ ನನ್ನತ್ತ ತಿರುಗಿದಳು. "ನೀವು ಇಲ್ಲಿ ಏನ್ ಕೆಲ್ಸ ಮಾಡ್ತೀರ?"

ನಾನು ಬ್ಯಾಗಿನಿಂದ ವಿಸಿಟಿಂಗ್ ಕಾರ್ಡ್ ತೆಗೆಯುವಷ್ಟರಲ್ಲಿ ಅಕ್ಕ ಹೇಳಿಬಿಟ್ಟರು: "ಗೇಟ್ ನೋಡ್ಕೋತಾಳೆ."

ಸ್ಕೂಟರ್ ದೊಡ್ಡಬಳ್ಳಾಪುರ ರಸ್ತೆಗೆ ತಿರುಗಿದ ಮೇಲೆ ಅಕ್ಕ ಕೆಂಪು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟರು. ಹುಡುಗಿಯ ಹೆಸರು, ಮನೆ, ಫೋನ್ ನಂಬರು, ದಿನ ಎಲ್ಲ ಬರೆದೆ. ಈಗ ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ವೆಬ್‌ಸೈಟಿನಲ್ಲಿರುವುದನ್ನೆಲ್ಲ ಆ ಪುಸ್ತಕಕ್ಕೆ ಇಳಿಸುತ್ತೇನೆ. ದಿನಚರಿಯಲ್ಲಿ ಟಿಕ್ ಹಾಕುವುದು ಅದಾದ ಮೇಲೆಯೇ. ಗ್ರಾಹಕರು ಈಗ ಎಂಟು. ಟ್ಯೂಷನ್ ಮೇಷ್ಟ್ರು ಹೆಚ್ಚು ಭರವಸೆಯ ಕಡೆ ಹೋದರು. ಕಾರ್ಡುಗಳು 441 ಉಳಿದಿವೆ. ಅವುಗಳ ಹಿಂಬದಿಯ ಎರಡೂ ಸಾಲುಗಳನ್ನು ಕಪ್ಪು ಮಾರ್ಕರಿನಿಂದ ಅಳಿಸುತ್ತಿದ್ದೇನೆ, ದಿನಕ್ಕೆ ಇಪ್ಪತ್ತರಂತೆ.