ಬಂಗಾರಿಯ ನಾಲ್ಕನೆಯ ಕೊಡ

ಕರ್ಕಿ ಕಡೆಯ ಸೂರ್ಯ ಸ್ವಲ್ಪ ಸೋಮಾರಿ. ಬಂಗಾರಿ ಗೌಡ ಎರಡನೆಯ ಕೊಡ ಇಳಿಸುವವರೆಗೆ ಗುಡ್ಡದ ಹಿಂದಿನಿಂದ ತಲೆ ಎತ್ತುವುದಿಲ್ಲ. ಅಷ್ಟು ಹೊತ್ತಿಗೆ ಅರವತ್ತರ ಈ ಹೆಂಗಸು ಕೆರೆಯ ನೀರು ಹೊತ್ತು ಊರ ಹುಲ್ಲುಗಾವಲಾದ ಬೇಣದ ದಿಬ್ಬ ಹತ್ತಿ, ಅಲ್ಲಿ ನಿಂತ ಹಳೆಯ ಕಲ್ಲುಗಳಿಗೆ ಒಂದೊಂದು ಚೊಂಬು ಹೊಯ್ದು, ಎಣ್ಣೆ ಸವರಿ, ಕುಂಕುಮ ಮೆತ್ತುತ್ತಿರುತ್ತಾಳೆ. ದಿಬ್ಬವೆಂದರೆ ಸಾಮಾನ್ಯದ್ದಲ್ಲ; ಆನೆ ಹತ್ತಿದರೂ ಅರ್ಧದಲ್ಲಿ ಕೂತು ಎಲೆ ಅಡಿಕೆ ಕೇಳಬೇಕು! ಕೊಡಕ್ಕೆ ಏಳು ಚೊಂಬು, ದಿನಕ್ಕೆ ನಾಲ್ಕು ಕೊಡ. ಹೋದ ದೀಪಾವಳಿಯವರೆಗೆ ಮೂರೇ ಇತ್ತು. ಹೆಚ್ಚಾದ ಆ ಒಂದು ಕೊಡವೇ ಕಳೆದ ವಾರ ಇಡೀ ಊರಿನ ಉಸಿರು ನಿಲ್ಲಿಸಿತು.

ಕಾಳಗದಲ್ಲಿ ಬಿದ್ದ ವೀರರು, ಚಿತೆ ಏರಿದ ಮಾಸ್ತಿಯರು, ಅವರ ನೆನಪಿನ ಕಲ್ಲುಗಳಿವು. ಕೆತ್ತನೆಯನ್ನೆಲ್ಲ ಮಳೆ ನೆಕ್ಕಿ ಮುಗಿಸಿದೆ. ಮೂವತ್ತೆಂಟು ವರ್ಷದ ಹಿಂದೆ ಅತ್ತೆ ಚೊಂಬು ಕೈಗಿಟ್ಟು ಹೇಳಿದ್ದು ಒಂದೇ ಮಾತು: "ಬೇಣದಲ್ಲಿ ನಿಂತ ಕಲ್ಲು ಒಂದೂ ಬಾಯಾರ್ಬಾರ್ದು." ಮುಂಬಯಿ ಸರ್ಕಾರ ಹೋಯಿತು, ಮೈಸೂರು ಸರ್ಕಾರ ಬಂತು, ಬಂಗಾರಿ ನೀರು ಹೊಯ್ದೇ ಗದ್ದೆ ನೆಟ್ಟಿಯ ಕೂಲಿಗೆ ಹೋಗುತ್ತಾಳೆ. ಸೂತಕದ ದಿನಗಳಲ್ಲಿ ಮಾತ್ರ ನಾದಿನಿಯ ಸರದಿ.

ಅದೇ ಬೇಣದಲ್ಲಿ ಹೊಸ ಮಾರುಕಟ್ಟೆ ಕಟ್ಟುವ ಯೋಜನೆ ಬಂತು. ದೀಪಾವಳಿ ಕಳೆದದ್ದೇ ಜಮೀನು ಅಳೆಯುವ ಮೋಜಣಿಯವರು ಹಳೆಯ ಕಲ್ಲುಗಳ ನಡುವೆಯೇ ಗಡಿಕಲ್ಲು ಹುಗಿದು ಹೋದರು. ಶಾಲೆಯ ಲಿಂಗಪ್ಪ ಮಾಸ್ತರು ತಕರಾರು ಅರ್ಜಿ ಬರೆದರು: ಇಪ್ಪತ್ತೊಂದು ಪುರಾತನ ಕಲ್ಲುಗಳಿರುವ ಜಾಗ, ಕೆಡಿಸಬಾರದು. ಅದಕ್ಕೆ ಬಿದ್ದ ಹೆಬ್ಬೆಟ್ಟುಗಳು ಎಷ್ಟೆಂದರೆ, ಹೊನ್ನಾವರದ ಶಾಯಿಯೆಲ್ಲ ಮುಗಿದು ಕುಮಟೆಯಿಂದ ತರಿಸಬೇಕಾಯಿತು.

ಕಳೆದ ವಾರ ಉಪವಿಭಾಗದ ಅಧಿಕಾರಿ ಪ್ರಾಂತ ಸಾಹೇಬರು ಖುದ್ದಾಗಿ ಬಂದು ಎಣಿಸುತ್ತಾರೆ. ಇಪ್ಪತ್ತೆಂಟು! ಮತ್ತೆ ಎಣಿಸುತ್ತಾರೆ. ಇಪ್ಪತ್ತೆಂಟೇ. ಎಲ್ಲಕ್ಕೂ ಒಂದೇ ಎಣ್ಣೆಗಪ್ಪು, ಒಂದೇ ಕುಂಕುಮ.

"ಅರ್ಜಿ ಕೊಟ್ಟ ಮೇಲೆ ಏಳು ದೇವರು ಹುಟ್ಟಿದರೋ, ಮಾಸ್ತರೇ?"

"ಸ್ವಾಮೀ, ಆ ಏಳು ನಿಮ್ಮ ಗಡಿಕಲ್ಲು..."

"ಸರ್ಕಾರ ಕುಂಕುಮ ಹಚ್ಚಿ ಕಲ್ಲು ಹುಗಿಯುತ್ತದೆಯೇ? ಯಾವುವು, ತೋರಿಸಿ. ಇಲ್ಲದಿದ್ದರೆ ಸುಳ್ಳು ಅರ್ಜಿಯೆಂದು ಇಲ್ಲೇ ವಜಾ."

ಗಡಿಕಲ್ಲುಗಳ ನಕಾಶೆ ತರಬೇಕಾದ ಸಾಹೇಬರ ಗುಮಾಸ್ತ ಅದನ್ನು ಕಾರವಾರದಲ್ಲೇ ಮರೆತು ಬಂದಿದ್ದಾನೆ. ಊರವರು ಕಲ್ಲುಗಳನ್ನು ನೋಡುತ್ತಾರೆ. ಯಾರಿಗೂ ಗುರುತು ಸಿಗದು. ಮಾಸ್ತರರ ಮುಖ ಸುಣ್ಣದ ಗೋಡೆಯಾಗಿದೆ. "ಬಂಗಾರೀ, ಎಂತ ಮಾಡಿಟ್ಯೇ ಮಾರಾಯ್ತಿ! ಸರ್ಕಾರಿ ಕಲ್ಲಿಗೂ ಪೂಜೆಯಾ!"

ಬಂಗಾರಿ ತನ್ನ ಎಣ್ಣೆಗೈ ನೋಡಿಕೊಳ್ಳುತ್ತಾಳೆ. ತನ್ನ ಕೈಯಿಂದಲೇ ಬೇಣ ಹೋಯಿತೇ? ಆದರೂ ಮುಂದೆ ಬರುತ್ತಾಳೆ.

"ನಾ ತೋರ್ಸ್ತೆ ಒಡೆಯಾ. ಮೊದ್ಲು ಮೂರು ಕೊಡ ಸಾಕಾಗ್ತಿತ್ತು. ಇವು ಬಂದ್ಮೇಲೆ ನಾಲ್ಕು. ನನ್ನ ಸೊಂಟಕ್ಕೆ ಲೆಕ್ಕ ತಪ್ಪುದಿಲ್ಲ."

ಕಣ್ಣು ಮಂಜು, ಕೈ ಮಂಜಲ್ಲ. ಸವರಿ ಸವರಿ ನಡೆದು ಒಂದರ ಮುಂದೆ ಕೂತು, ಒದ್ದೆ ಸೆರಗಿನಿಂದ ಕುಂಕುಮ ಒರೆಸುತ್ತಾಳೆ. ಕೆಳಗಿಂದ ಗಡಿಕಲ್ಲಿಗೆ ಸರ್ಕಾರ ಕೊರೆಯುವ ಬಾಣದ ಗುರುತು ಎದ್ದು ಬರುತ್ತದೆ! ಎರಡನೆಯದು. ಮೂರನೆಯದು. ಏಳಕ್ಕೆ ಏಳೂ. ಊರೆಲ್ಲ ಬಗ್ಗಿ ನೋಡುವ ಆ ಗಳಿಗೆಯಲ್ಲಿ ಸಮುದ್ರವೂ ತೆರೆ ಎತ್ತಿ ಹಾಗೇ ಹಿಡಿದುಕೊಂಡಿತ್ತು.

"ನಿಮ್ಮ ಜಾಗ ಕಸಿಯಲು ಬಂದ ಕಲ್ಲಿಗೆ ನೀರು ಯಾಕೆ ಹಾಕಿದೆ?" ಸಾಹೇಬರ ದನಿ ಇಳಿದಿದೆ.

"ಎಂತ ಮಾಡುದು ಒಡೆಯಾ? ಅವು ತಾವಾಗಿ ಬಂದದ್ದಾ? ನೀವೇ ತಂದು ಬಿಸ್ಲಿಗೆ ನಿಲ್ಸಿ ಹೋದ್ರಿ."

ಸಾಹೇಬರು ಟೊಪ್ಪಿ ತೆಗೆಯುತ್ತಾರೆ. ಮಾರುಕಟ್ಟೆಗೆ ಬೇರೆ ಜಾಗ ನೋಡಬೇಕೆಂದು ಅಲ್ಲೇ ನಿಂತು ಬರೆಯುತ್ತಾರೆ. ಏಳನ್ನೂ ಕೀಳಲು ಹೇಳಿದರೆ ಕೂಲಿಯ ಜಟ್ಟಿ ಹಾರೆ ನೆಲಕ್ಕಿಡುತ್ತಾನೆ: "ಕುಂಕುಮ ಕಂಡ ಕಲ್ಲಿಗೆ ನಾ ಕೈ ಹಾಕುದಿಲ್ಲ, ಸಾಯೇಬ್ರೆ."

ಹಾಗಾಗಿ ಇಂದಿಗೂ ನಾಲ್ಕು ಕೊಡ. ಭಾರವಲ್ಲವೇ ಎಂದರೆ ಬಂಗಾರಿ ನಾಲ್ಕನೆಯದನ್ನು ಸೊಂಟಕ್ಕೇರಿಸುತ್ತಾಳೆ. "ಸರ್ಕಾರ ಅವನ್ನ ತಕಂಡು ಹೋಗುದಾದ್ರೆ ಹೋಗ್ಲಿ. ನಾ ನೀರು ಹಾಕ್ದ ಮೇಲೆ ಬರ್ಲಿ, ಆತಾ? ಬೇಣದಿಂದ ಯಾರನ್ನೂ ಒಣಗಿದ ಬಾಯಲ್ಲಿ ಕಳ್ಸ್ದವಳಲ್ಲ ನಾನು."