ಕಾಲು ತಾಗಿದ ಕಲ್ಲು

ನಮ್ಮ ಮನಿಯಾಗ ಕಾಲು ಯಾವುದಕ್ಕ ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೋಬೇಕು. ಅಳಿಯೋ ಸೇರು ಇರಲಿ, ಮೊರ ಇರಲಿ, ಪುಸ್ತಕ ಇರಲಿ, ಒಳಕಲ್ಲಿರಲಿ, ಮಲಗಿದ ಮನುಷ್ಯಾ ಇರಲಿ. ಯಾಕ ಅಂತ ನಮ್ಮವ್ವ ನನಗ ಹೇಳಲಿಲ್ಲ, ನಾನು ಯಾರಿಗೂ ಹೇಳಲಿಲ್ಲ. ಮರೆತರ ತಲಿ ಮ್ಯಾಲೆ ಒಂದು ಬೀಳ್ತಿತ್ತು, ಅಷ್ಟೇ. ಮೊಮ್ಮಗಳಿಗೂ ಬಿದ್ದಾವ. ಸಣ್ಣಾಕಿ ಇದ್ದಾಗ ಅಕ್ಕಿ ಮೂಟಿ ಮ್ಯಾಲೆ ಹತ್ತಿ ಕುಣಿದು, ನನ್ನ ಮಾರಿ ನೋಡಿ ಕೆಳಗಿಳಿದು, ಒಂದೊಂದು ಮೂಟಿಗೂ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ಲು. ಎರಡು ಸಲ ಹೇಳಿಸಿಕೊಳ್ಳೋ ಹುಡುಗಿ ಅಲ್ಲ.

ಕಲಿಸಿದಾಕಿ ನಾನು, ಅದಕ್ಕ ಇದನ್ನ ನಾನೇ ಬರೀಬೇಕು. ಮೂರನೇ ಕ್ಲಾಸಿನ ಬರವಣಿಗಿ. ತಪ್ಪಿದ್ದರ ತಿದ್ದಿಕೊಂಡು ಓದ್ರಿ.

ನಾವು ಸಿರುಗುಪ್ಪದವರು. ಮಗಂದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಮೊಮ್ಮಗಳು ಪಿಯುಸಿಗೆ ಬಳ್ಳಾರಿಗೆ ಹೋಗಿ ಗಾಂಧಿನಗರದಾಗ ನನ್ನ ಮಗಳ ಮನಿಯಾಗ ಇದ್ಲು. ಅಲ್ಲಿ ಕಾಲೇಜಿನ ಪಿಟಿ ಮಾಸ್ತರು ಎಲ್ಲಿಯದೋ ಶಿಬಿರಕ್ಕ ಹೋಗಿ ಒಂದು ಆಟ ಕಲಿತು ಬಂದಿದ್ದರು. ಕರ್ಲಿಂಗ್ ಅಂತ. ಐಸಿನ ಮ್ಯಾಲೆ ಹಿಡಿಕಿ ಇರೋ ದುಂಡನ ಕಲ್ಲು ಜಾರಿಸಿ ಬಿಡ್ತಾರ. ಇಬ್ಬರು ಅದರ ಮುಂದ ಕಸಬರಿಗಿ ಹಿಡಕೊಂಡು ಐಸು ತಿಕ್ಕತಾ ಓಡ್ತಾರ. ತಿಕ್ಕಿದರ ಕಲ್ಲು ಇನ್ನೂ ಮುಂದಕ್ಕ ಹೋಗ್ತೈತಂತ. ಆ ಕಡಿ ತುದಿಗೆ ಒಂದು ದುಂಡನ ಗುರುತು. ಯಾರ ಕಲ್ಲು ಅದರ ನಡುವಿಗೆ ಹತ್ರ ನಿಲ್ತದೋ ಅವರಿಗೆ ಅಂಕ.

ಬಳ್ಳಾರಿ ಬಿಸಿಲಿಗೆ ಐಸ್ ಕ್ಯಾಂಡಿ ಸೈತ ಅಂಗಡಿಯಿಂದ ಮನಿ ಮುಟ್ಟಾಂಗಿಲ್ಲ. ಇಲ್ಲಿ ಈ ಆಟ ಅಂದ್ರ ನಗಬೇಕೋ ಅಳಬೇಕೋ. ನಾನು ಆಕಿಗೆ ಅಂದೆ, "ನಮ್ಮಲ್ಲಿ ಊರಿಗೆ ಹೋದವರ ಹಿಂದ ಕಸ ಹೊಡಿಯಾಂಗಿಲ್ಲ. ನೀವು ಹೋಗೋ ಕಲ್ಲಿನ ಮುಂದ ಹೊಡಕೊಂತ ಹೊಂಟೀರಿ."

"ಮುಂದ ಹೊಡಿಬಾರದು ಅಂತ ಯಾರು ಹೇಳ್ಯಾರ ಅಜ್ಜಿ?" ಅಂದ್ಲು.

ಕೌಲ್ ಬಜಾರಿನ ಒಬ್ಬ ವೆಲ್ಡಿಂಗ್ ಚಾಚಾ ಆಕಿಗೆ ಆ ಕಲ್ಲಿನ ಬದಲಿಗೆ ಕಬ್ಬಿಣದ ಒಂದು ಗುಂಡು ಮಾಡಿಕೊಟ್ಟರು, ತಳಕ್ಕ ಬೇರಿಂಗ್ ಹಾಕಿ. ಸೊಸಿಯ ಅಣ್ಣ ಕುರುಗೋಡಿನಾಗ ಒಂದು ಕಲ್ಯಾಣ ಮಂಟಪ ನೋಡಿಕೋತಾನ. ಅಲ್ಲಿ ನೆಲಕ್ಕ ಪಾಲಿಶ್ ಕಲ್ಲು. ಲಗ್ನ ಇಲ್ಲದ ದಿನ ಅಲ್ಲಿ ಆಕಿ ಅಭ್ಯಾಸ. ಖಾಲಿ ಮಂಟಪದಾಗ ಹೆಣ್ಣು ಹುಡುಗಿ ಒಬ್ಬಾಕಿನ ಬಿಡಾಕ ಆಗಾಂಗಿಲ್ಲ ಅಂತ ನಾನು ಬಸ್ಸಿನ್ಯಾಗ ಜೋಡಿ ಹೋಗ್ತಿದ್ದೆ. ಒಂದು ಕುರ್ಚಿ ಹಾಕ್ಕೊಂಡು ಎಲಿ ಅಡಿಕಿ ಹಾಕ್ಕೊಂತ ಕುಂದ್ರೋದು. ಹೊರಗ ಹೋಗಿ ಉಗುಳಿ ಬರೋದು.

ಅಲ್ಲಿ ಒಂದಿನ ಕೇಳಿದೆ, "ಓಡೋವಾಗ ಕಸಬರಿಗಿ ಕಲ್ಲಿಗೆ ತಾಗಿದ್ರ?"

"ತಪ್ಪು. ಕಾಲು ತಾಗಿದ್ರೂ ತಪ್ಪು."

"ಯಾರು ನೋಡ್ತಾರ?"

"ನೋಡೋರು ಇರ್ತಾರ, ಆದ್ರ ಕೂದಲೆಳಿಯಷ್ಟು ತಾಗಿದ್ದು ಯಾರಿಗೆ ಕಾಣ್ತೈತಿ ಅಜ್ಜಿ. ತಾಗಿಸಿದವರು ತಾವೇ ಹೇಳಬೇಕು."

"ಹೇಳದಿದ್ರ?"

"ಹೇಳ್ತಾರ."

"ಹೇಳಿದ ಮ್ಯಾಲೆ?"

"ಕಲ್ಲು ನಿಂತ ಮ್ಯಾಲೆ ಎದುರು ಪಾರ್ಟಿ ಕ್ಯಾಪ್ಟನ್ ತೀರ್ಮಾನ ಮಾಡ್ತಾಳ. ಇರಲಿ ಅಂದ್ರ ಇರ್ತೈತಿ. ತಗೀರಿ ಅಂದ್ರ ತಗೀಬೇಕು."

"ಚಲೋ ಆತು. ಕಳ್ಳ ತಾನೇ ಬಂದು ಹೇಳಬೇಕು, ಕಳಕೊಂಡವರೇ ಜಡ್ಜು."

ಆಕಿ ನಗತಾ ಹಿಂದ ಸರದಾಗ ಹಿಮ್ಮಡ ಆ ಕಬ್ಬಿಣದ ಗುಂಡಿಗೆ ತಾಗಿತು. ಮಾತಾಡ್ತಾ ಮಾತಾಡ್ತಾನೇ ಬಗ್ಗಿದ್ಲು, ಮುಟ್ಟಿದ್ಲು, ಕಣ್ಣಿಗೆ ಒತ್ತಿಕೊಂಡ್ಲು.

"ಐಸಿನ ಮ್ಯಾಲೂ ಹಿಂಗೇ ಮಾಡ್ತಿಯೇನು?" ಅಂದೆ.

"ಗೊತ್ತಿಲ್ಲ. ಕೈ ತಾನೇ ಹೋಗ್ತೈತಿ."

ಆ ವರ್ಷ ಉತ್ತರದ ಬೆಟ್ಟದ ಕಡಿ ಒಂದು ಊರಾಗ ದೇಶದ ಜೂನಿಯರ್ ಪಂದ್ಯ ಇಟ್ಟರು, ಹುಡುಗರ ಟೀಮು, ಹುಡುಗಿಯರ ಟೀಮು ಎರಡೂ. ನಮ್ಮ ರಾಜ್ಯದ ಹುಡುಗಿಯರೊಳಗ ಮೊಮ್ಮಗಳ ಹೆಸರು ಬಂತು. ಮಗನಿಗೆ ಖುಷಿ ಆಗಲಿಲ್ಲ. ಅವನ ತಲಿಯಾಗ ಫಾರ್ಮಸಿ ಓದು ಕುಂತಿತ್ತು. ಅಂಗಡಿ ಪಕ್ಕ ಔಷಧಿ ಅಂಗಡಿ ಹಾಕಿಕೊಡ್ತೀನಿ ಅಂತ ಮೊದಲೇ ಜಾಗ ನೋಡಿ ಇಟ್ಟಿದ್ದ.

ಊಟಕ್ಕ ಕುಂತಾಗ ಹೇಳಿದ, "ಕೇಳಿಲ್ಲಿ. ಹೋಗು, ಬ್ಯಾಡ ಅನ್ನಲ್ಲ. ಪದಕ ತಂದ್ರ ಎಷ್ಟು ವರ್ಷ ಆಡ್ತಿಯೋ ಆಡು, ತುಟಿ ಬಿಚ್ಚಲ್ಲ. ಬರಿಗೈಲೆ ಬಂದ್ರ ಆಟ ಅಲ್ಲಿಗೆ ಮುಗೀತು. ಆಮ್ಯಾಲೆ ಅಳಬಾರದು."

"ಯಾವ ಪದಕ ಆದ್ರೂ ಆತೇನಪ್ಪಾ?"

"ಕಂಚಾದ್ರೂ ಆತು."

"ಮಾತು ಮಾತೇ?"

"ಮಾತು ಮಾತೇ."

ಸೊಸಿ ನನ್ನ ಮಾರಿ ನೋಡಿದ್ಲು. ನಾನು ಮಜ್ಜಿಗಿ ಕುಡದೆ. ಒಪ್ಪಿಕೊಂಡಾಕಿ ಆಕಿ, ನಡುವ ನಂದೇನು.

ಅಲ್ಲಿಂದ ಸುದ್ದಿ ಬರ್ತಾ ಹೋತು. ಹುಡುಗರ ಟೀಮು ಲಗೂನ ಸೋತು ಗ್ಯಾಲರಿಯಾಗ ಕುಂತಿತಂತ. ಹುಡುಗಿಯರು ಗೆದ್ದರು, ಸೋತರು, ಮತ್ತ ಗೆದ್ದರು. ಸೆಮಿಫೈನಲ್ಲಿಗೆ ಬಂದು ಅಲ್ಲಿ ಸೋತರು. ಉಳಿದದ್ದು ಮೂರನೇ ಜಾಗದ ಆಟ ಒಂದೇ. ಗೆದ್ದರ ಕಂಚು, ಸೋತರ ಏನಿಲ್ಲ.

ಆ ಮಧ್ಯಾಹ್ನ ನಾವೆಲ್ಲ ಗಾಂಧಿನಗರದ ಮಗಳ ಮನಿಯಾಗ ಕುಂತಿದ್ವಿ. ಅಲ್ಲಿ ದೊಡ್ಡ ಟಿವಿ ಐತಿ, ಮೊಬೈಲಿನ್ಯಾಗ ಬರೋದನ್ನ ಅದಕ್ಕ ಹಾಕಬಹುದು. ಮಗ ಅಂಗಡಿ ಮುಚ್ಚಿ ಬಂದಿದ್ದ, ನೋಡಾಕ ಅಲ್ಲ, ಅಕ್ಕಿ ಕೊಡಾಕ ಬಂದೀನಿ ಅಂತ ಹೇಳಿದ. ವೆಲ್ಡಿಂಗ್ ಚಾಚಾನೂ ಬಂದರು. ಅವರ ಕಬ್ಬಿಣದ ಗುಂಡು ಟಿವಿ ಟೇಬಲ್ಲಿನ ಕೆಳಗ ಇತ್ತು, ಮೊಮ್ಮಗಳು ಬಿಟ್ಟು ಹೋಗಿದ್ದು. ಚಾಚಾ ಅದನ್ನ ನೋಡಿ, "ಬೇಟಿ ಗೆದ್ರ ಅರ್ಧ ಮೆಡಲ್ ಇದಕ್ಕ ಕೊಡಬೇಕ್ರಿ" ಅಂದರು.

"ಸೋತರ?" ಅಂದ ಮಗ.

"ಸೋತರ ಬೇರಿಂಗ್ ನಿಮ್ಮ ಅಂಗಡೀದು, ಸಾಹುಕಾರ್ರ."

ಆಟ ನಿಧಾನ. ಒಂದು ಕಲ್ಲು ಹೋಗಿ ನಿಲ್ಲೋದರೊಳಗ ಚಹಾ ಆರ್ತದ. ಆದ್ರ ಎದಿ ಹಿಡಿಯೋ ಆಟ. ಅವರು ಮುಂದಾದರು, ನಾವು ಹಿಡಿದ್ವಿ. ಮತ್ತ ಅವರು, ಮತ್ತ ನಾವು. ಮೊಮ್ಮಗಳ ಕೆಲಸ ತಿಕ್ಕೋದು. ಕ್ಯಾಪ್ಟನ್ ಹುಡುಗಿ ಕೂಗಿದಂಗೆಲ್ಲ ಬಗ್ಗಿ ಬಗ್ಗಿ ತಿಕ್ಕತಿದ್ಲು. ಮನಿಯಾಗ ಒಂದು ದಿನ ಹಂಗ ಕಸ ಹೊಡದಾಕಿ ಅಲ್ಲ.

ಕಡೀ ಸುತ್ತಿಗೆ ಎರಡೂ ಕಡಿ ಸಮ ಆತು. ಮಗ ಕುಂತಲ್ಲಿ ಕುಂದ್ರಲಾರದ ಎದ್ದು ಟಿವಿ ಹತ್ರ ಹೋದ. ಹೋಗೋವಾಗ ಕಾಲು ಕಬ್ಬಿಣದ ಗುಂಡಿಗೆ ಬಡೀತು. ಕಣ್ಣು ಟಿವಿ ಮ್ಯಾಲೇ ಇತ್ತು, ಕೈ ಮಾತ್ರ ಕೆಳಗ ಹೋಗಿ ಗುಂಡು ಮುಟ್ಟಿ ಕಣ್ಣಿಗೆ ಬಂತು. ನಾನು ನೋಡಿದೆ.

ಎದುರು ಪಾರ್ಟಿ ಕಲ್ಲೊಂದು ನಡುವಿನ ಹತ್ರ ಕುಂತಿತ್ತು. ನಮ್ಮದು ಒಂದೇ ಕಲ್ಲು ಬಾಕಿ. ಅದು ಆ ಕಲ್ಲಿಗಿಂತ ಒಳಗ ಹೋಗಿ ನಿಂತರ ಕಂಚು. ಕ್ಯಾಪ್ಟನ್ ಬಗ್ಗಿ ಜಾರಿ ಕಲ್ಲು ಬಿಟ್ಲು. ಮೆಲ್ಲಗಾತು ಅಂತ ಎಲ್ಲರಿಗೂ ಕಂಡಿತು. ಕೂಗು ಹಾಕಿದ್ಲು. ಮೊಮ್ಮಗಳೂ ಇನ್ನೊಬ್ಬಾಕೀನೂ ತಿಕ್ಕತಾ ಓಡಿದರು. ಸೊಸಿ ಸೆರಗು ಬಾಯಿಗೆ ಇಟ್ಟುಕೊಂಡ್ಲು.

ಕಲ್ಲು ದುಂಡನ ಗುರುತಿನ ಹತ್ರ ಬಂದಿತ್ತು. ಆಗ ಮೊಮ್ಮಗಳ ಬಲಗೈ ಕಸಬರಿಗಿ ಬಿಟ್ಟಿತು. ಕೆಳಗ ಹೋತು. ಕಲ್ಲು ಸಿಗಲಿಲ್ಲ, ಅದು ಆಗಲೇ ಮುಂದ ಹೋಗಿತ್ತು. ಕಲ್ಲಿದ್ದ ಜಾಗದ ಐಸು ಮುಟ್ಟಿ ಕೈ ಕಣ್ಣಿಗೆ ಹೋತು. ಮತ್ತ ಕಸಬರಿಗಿ ಹಿಡೀತು. ಕಣ್ಣು ಮುಚ್ಚಿ ತೆರೆಯೋದರೊಳಗ.

"ದೇವರಿಗೆ ಕೈ ಮುಗಿದ್ಲು ನೋಡು" ಅಂದ ಮಗ.

ಕಲ್ಲು ಮೆಲ್ಲಕ ಮೆಲ್ಲಕ ಹೋಗಿ ಅವರ ಕಲ್ಲಿನ ಪಕ್ಕ ದಾಟಿ ಒಳಗ ನಿಂತಿತು. ನಮ್ಮ ಹುಡುಗಿಯರು ಕಸಬರಿಗಿ ಮ್ಯಾಲಕ್ಕೆತ್ತಿದರು. ನನ್ನ ಮಗಳು ಚಪ್ಪಾಳಿ ಹೊಡದ್ಲು. ಚಾಚಾ ಎದ್ದು ಮಗನ ಕೈ ಹಿಡಿದು ಕುಲುಕಿದರು. ಮಗ, "ಆತು, ಇನ್ನ ಇದೇ ಗೋಳು" ಅಂದ, ಹಲ್ಲು ಕಾಣ್ತಿದ್ದವು.

ನಾನೊಬ್ಬಾಕಿ ಎದ್ದೇಳಲಿಲ್ಲ. ಆ ಮನಿಯಾಗ ಆ ಕೈ ಯಾಕ ಕೆಳಗ ಹೋತು ಅಂತ ಗೊತ್ತಿದ್ದಾಕಿ ನಾನೊಬ್ಬಾಕಿ. ದೇವರಿಗೆ ಕೈ ಮುಗಿಯೋ ಹುಡುಗಿ ಅಲ್ಲ ಅದು, ಸೋಮವಾರ ವಿಭೂತಿ ಹಚ್ಚಿಕೋ ಅಂದ್ರ ಹಣಿ ಉರೀತೈತಿ ಅಂತಾಳ. ಕಾಲು ತಾಗೇತಿ. ಅಲ್ಲಿ ಯಾರೂ ನೋಡಿಲ್ಲ. ಕ್ಯಾಪ್ಟನ್ ಹುಡುಗಿಯರಿಬ್ಬರೂ ಕಲ್ಲು ಎಲ್ಲಿ ನಿಲ್ತದ ಅಂತ ನೋಡ್ತಿದ್ದರು.

ಹೇಳಬ್ಯಾಡ ಅಂತ ನನ್ನ ಬಾಯಿಗೆ ಬಂತು. ಸುಳ್ಳು ಯಾಕ ಬರೀಲಿ. ಕಂಚು ಬಂದೈತಿ, ಅಪ್ಪ ಒಪ್ಪ್ಯಾನ, ಸುಮ್ನಿರು ತಾಯಿ ಅಂತ ಬಂತು. ಟಿವಿಗೆ ಹೇಳಿದ್ರ ಕೇಳ್ತೈತೇನು.

ಉಳಿದವರು ಅಪ್ಪಿಕೊಂಡು ಕುಣೀತಿದ್ದರು. ಆಕಿ ಕುಣೀಲಿಲ್ಲ. ತನ್ನ ಬೂಟು ನೋಡಿದ್ಲು. ಆಮ್ಯಾಲೆ ಕೈ ಎತ್ತಿದ್ಲು.

"ಯಾಕ ಕೈ ಎತ್ಯಾಳ?" ಅಂದ ಮಗ.

"ಕಾಲು ತಾಗಿತ್ತು" ಅಂದೆ.

"ಯಾರ ಕಾಲು?"

"ನಿನ್ನ ಮಗಳ ಕಾಲು, ಕಲ್ಲಿಗೆ. ಅದನ್ನ ಹೇಳಾಕತ್ಯಾಳ."

ಟಿವಿಯಾಗ ನಮ್ಮ ಕ್ಯಾಪ್ಟನ್ ಮೊಮ್ಮಗಳ ತೋಳು ಹಿಡಿದು ಏನೋ ಕೇಳಿದ್ಲು. ಈಕಿ ಹೌದಂತ ತಲಿ ಆಡಿಸಿದ್ಲು. ಎದುರು ಪಾರ್ಟಿ ಕ್ಯಾಪ್ಟನ್ ಉದ್ದ ಜಡಿ ಹುಡುಗಿ. ಬಂದು ಕಲ್ಲಿನ ಸುತ್ತ ನಡೆದ್ಲು. ತನ್ನ ಗೆಳತೇರನ್ನ ನೋಡಿದ್ಲು, ಮತ್ತ ಕಲ್ಲು ನೋಡಿದ್ಲು.

"ಬಿಡ್ತಾಳ ತಗೋ" ಅಂದ್ಲು ಸೊಸಿ. "ತಾನೇ ಹೇಳ್ಯಾಳಲ್ಲ, ಬಿಡ್ತಾಳ."

ಬಿಡಲಿಲ್ಲ. ಕಸಬರಿಗಿಲೆ ನಮ್ಮ ಕಲ್ಲನ್ನ ಹೊರಗ ತಳ್ಳಿದ್ಲು. ಆಕೀದೂ ತಪ್ಪಿಲ್ಲ. ಆಕಿಗೂ ಕಂಚು ಬೇಕಿತ್ತು. ನಾನಿದ್ರೂ ತಳ್ತಿದ್ದೆ.

ಒಂದು ಅಂಕಕ್ಕ ಸೋತರು. ಚಾಚಾ ಟೋಪಿ ಸರಿ ಮಾಡಿಕೊಂಡು, "ಬರ್ತೀನ್ರಿ ಅಮ್ಮಾ" ಅಂತ ಎದ್ದರು. ಮಗ ಟಿವಿ ಆರಿಸಿದ.

ಹುಡುಗಿ ವಾಪಸ್ ಬಂದಾಗ ಮಾರಿ ಇಷ್ಟು ಸಣ್ಣಾಗಿತ್ತು. ರೈಲಿನ್ಯಾಗ ಗೆಳತೇರು ಮಾತಾಡಿಸಿಲ್ಲ. ಕ್ಯಾಪ್ಟನ್ ಅಂತೂ, "ಹೇಳಿದ್ದಕ್ಕ ಸಿಟ್ಟಿಲ್ಲ, ಓಡೋವಾಗ ಕಾಲು ನೋಡಿಕೊಳ್ಳಲಿಲ್ಲ ಅಂತ ಸಿಟ್ಟು" ಅಂದ್ಲಂತ. ಅದು ಸರಿಯಾದ ಸಿಟ್ಟು. ಸಿರುಗುಪ್ಪಕ್ಕ ಬಂದು ಬ್ಯಾಗ್ ಇಟ್ಟು ಆಕಿ ಅಪ್ಪನ ಮುಂದ ನಿಂತ್ಲು.

"ಬರಿಗೈಲೆ ಬಂದೀನಿ" ಅಂದ್ಲು.

"ನೋಡೀನಿ" ಅಂದ ಮಗ. "ಮೊದಲು ಉಣ್ಣು."

ಉಣ್ಣಲಿಲ್ಲ. "ಮಾತು ಮಾತೇ, ನನಗ ನೆನಪೈತಿ" ಅಂದ್ಲು. ಅಳಲಿಲ್ಲ. ಅತ್ತಿದ್ದರ ಅವನಿಗೂ ಸಲೀಸಿತ್ತು.

ಅವನು ರೊಟ್ಟಿ ಮುರೀತಾ, "ಮಾತು ಮಾತೇ. ಫಾರ್ಮಸಿ ಕೋಚಿಂಗಿಗೆ ಸೇರು" ಅಂದ.

ಅಲ್ಲೀತನಕ ನಾನು ಬಾಯಿ ಹಾಕಿದ್ದಿಲ್ಲ. ಆಗ ಹಾಕಿದೆ. "ಲೇ, ಆಕಿ ಕೈಗೆ ಕಂಚು ಬಂದಿತ್ತೋ ಇಲ್ಲೋ?"

"ಬಂದಿತ್ತು. ತಾನೇ ಕಳಕೊಂಡ್ಲು. ಬಂದು ಹೋದ್ರ ಅದೂ ಬರಿಗೈಯೇ ಅಲ್ಲೇನವ್ವಾ."

ನನ್ನ ಮಗ, ಮಾತಿನ್ಯಾಗ ಸೋಲಾಂಗಿಲ್ಲ. "ಆತು. ಅವತ್ತು ಟಿವಿ ಮುಂದ ನಿನ್ನ ಕಾಲು ಆ ಗುಂಡಿಗೆ ಬಡೀತಲ್ಲ, ಏನು ಮಾಡಿದಿ?"

"ನನ್ನ ಕಾಲು ಯಾವಾಗ ಬಡೀತು?"

"ಬಡದಿತ್ರಿ" ಅಂದ್ಲು ಸೊಸಿ, ಒಲಿ ಕಡಿ ಮಾರಿ ಮಾಡಿಕೊಂಡು. "ಮುಟ್ಟಿ ಕಣ್ಣಿಗೂ ಒತ್ತಿಕೊಂಡ್ರಿ."

ಅವನು ರೊಟ್ಟಿ ಕೈಯಾಗ ಹಿಡಕೊಂಡು ಕುಂತ. ನಾನು ಬಿಡಲಿಲ್ಲ. "ನಿನಗ ಗೊತ್ತಾಗಲಿಲ್ಲ, ಕೈಗೆ ಗೊತ್ತಾತು. ಆಕೀದೂ ಅಷ್ಟೇ. ನಿನ್ನ ತಲಿಗೆ ಬಡದಾಕಿ ನಾನು, ಆಕಿ ತಲಿಗೆ ಬಡದಾಕೀನೂ ನಾನು. ಕಂಚು ಕಳದದ್ದು ನಾನಪ್ಪಾ. ಆಟ ಬಿಡಿಸೋದಿದ್ರ ನಂದು ಬಿಡಿಸು."

"ನಿಂದು ಯಾವ ಆಟ?"

"ಕುರುಗೋಡಿಗೆ ಬಸ್ಸಿನ್ಯಾಗ ಹೋಗಿ ಬರೋದು."

ಮೊದಲು ನಕ್ಕಾಕಿ ಸೊಸಿ. ಆಮ್ಯಾಲೆ ಹುಡುಗಿ, ಮೂಗಿನ್ಯಾಗ. ಮಗ ನಗಲಿಲ್ಲ. ರೊಟ್ಟಿ ತಿಂದ, ನೀರು ಕುಡದ, ಕೈ ತೊಳಕೊಂಡ. ಬಾಗಿಲಾಗ ನಿಂತು, "ಒಂದು ವರ್ಷ. ಅದರ ಮ್ಯಾಲೆ ಒಂದಿನ ಇಲ್ಲ. ಫಾರ್ಮಸಿನೂ ಓದಬೇಕು. ಮೊದಲು ಆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು ಬಿಡಿಸು" ಅಂದ.

"ಅದು ನನ್ನ ಕೈಲೆ ಆಗಾಂಗಿಲ್ಲ, ನಿಂದೇ ಬಿಟ್ಟಿಲ್ಲ" ಅಂದೆ. "ಕಾಲು ದೂರ ಇಡೋದು ಕಲೀಲಿ."

ಈಗ ಮತ್ತ ಕುರುಗೋಡಿಗೆ ಹೋಗಾಕತ್ತೀವಿ. ಗುಂಡಿನ ಪಕ್ಕ ತಿಕ್ಕತಾ ಓಡೋ ಅಭ್ಯಾಸ. ಎಲಿ ಅಡಿಕಿ ಚೀಲದಾಗಿನ ಸುಣ್ಣ ತಗದು ಆಕಿ ಬೂಟಿನ ಅಂಚಿಗೆ ಬಳೀತೀನಿ. ಕಾಲು ತಾಗಿದ್ರ ಕರೀ ಕಬ್ಬಿಣದ ಮ್ಯಾಲೆ ಬಿಳೀ ಗೀರು ಬೀಳ್ತೈತಿ. ಗೀರು ಬಿದ್ದಾಗೆಲ್ಲ ಆಕಿ ಬೈಸಿಕೋತಾಳ, ಬೈಸಿಕೊಂತಾನೇ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೋತಾಳ, ಹುಬ್ಬಿಗೆ ಸುಣ್ಣ ಹತ್ತುತೈತಿ.

ಮೊನ್ನೆ ಗುಂಡಿನ ಮ್ಯಾಲೆ ಗೀರು ಇದ್ದಿಲ್ಲ, ಹುಬ್ಬಿಗೆ ಸುಣ್ಣಾನೂ ಇದ್ದಿಲ್ಲ. ಅದರ ಹಿಂದಿನ ಸಲ ಇತ್ತು. ಇನ್ನೂ ನಂಬಾಂಗಿಲ್ಲ.