ಎರಡನೇ ನಂಬರಿನ ಮತ

ನಮ್ಮ ಮನೆಯಲ್ಲಿ ‘ಎರಡನೇ ನಂಬರು’ ಎಂಬ ಮಾತು ಬಂತೆಂದರೆ ಜಗಳ ಶುರುವಾಯಿತೆಂದೇ ಅರ್ಥ. ಆ ಮಾತು ಆಡುತ್ತಿದ್ದವನು ನಾನೊಬ್ಬನೇ. ಮದುವೆಯಾಗಿ ಮೂವತ್ತು ವರ್ಷ ಕಳೆದರೂ, ನನ್ನ ಹೆಂಡತಿಗೆ ನಾನು ಎರಡನೇ ಆಯ್ಕೆ ಎಂಬ ಮುಳ್ಳನ್ನು ಕಿತ್ತು ಒಗೆದಿರಲಿಲ್ಲ. ಒಗೆಯುವುದಿರಲಿ, ಇನ್ನೂ ನೋಯುತ್ತದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹಿಂದಿನ ಕಥೆ ಇಷ್ಟೇ. ಅವಳು ಹುನಗುಂದದವಳು. ಅವಳಿಗೆ ಮೊದಲು ಗೊತ್ತು ಮಾಡಿದ್ದು ಹಳೇ ಬಾಗಲಕೋಟೆಯ ಹುಡುಗನನ್ನು. ಬ್ಯಾಂಕಿನ ನೌಕರಿ, ನೋಡಲಿಕ್ಕೂ ಚೆಂದ ಇದ್ದನಂತೆ. ಅವರ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆ ಪಟ್ಟಿಯಲ್ಲಿತ್ತು. ಮುಳುಗಡೆಯವರಿಗೆಂದು ಎದ್ದ ನವನಗರದಲ್ಲಿ ಹೊಸ ಮನೆ ಕಟ್ಟಿ, ಪ್ರವೇಶ ಮಾಡಿದ ಮೇಲೇ ಮದುವೆ ಎಂದು ಅವರು ದಿನ ಮುಂದೆ ಹಾಕಿದರು. ಒಂದು ವರ್ಷ ಎರಡಾಯಿತು. ನನ್ನ ಮಾವನಿಗೆ ತಾಳ್ಮೆ ಕಡಿಮೆ. ‘ಆ ನೀರು ಬಂದು ಇವರು ಎದ್ದು ಹೋಗೋತನಾ ನನ್ನ ಮಗಳು ಕುಂಡ್ರಬೇಕೇನು?’ ಎಂದು ಸಂಬಂಧ ಮುರಿದು, ಅದೇ ತಿಂಗಳು ಇಳಕಲ್ಲಿನ ನೇಕಾರರ ಮನೆಯ ಹೈಸ್ಕೂಲ್ ಮಾಸ್ತರನನ್ನು ಹುಡುಕಿ ತಂದರು. ಆ ಮಾಸ್ತರ ನಾನು.

ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ನನಗೆ ಬ್ಯಾಂಕಿನವನ ನೆನಪಾಗುತ್ತಿತ್ತು. ‘ಅಂವಗಾಗಿದ್ರ ಹಿಂಗ ಮಾಡ್ತಿದ್ದೇನು? ನಾ ಏನಿದ್ರೂ ಎರಡನೇ ನಂಬರು’ ಎನ್ನುತ್ತಿದ್ದೆ. ಅವಳು ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ; ಉಪ್ಪಿನ ಬಟ್ಟಲನ್ನು ತಂದು ಎದುರಿಗಿಟ್ಟು ಒಳಗೆ ಹೋಗುತ್ತಿದ್ದಳು. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ಇನ್ನೊಂದು ಸಂಗತಿ ಇತ್ತು. ಅವಳ ಅಕ್ಕನ ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಅಲ್ಲಿಗೆ ಹೋದಾಗೆಲ್ಲ ಹಳೇ ಊರಿನ ಪೇಟೆಗೆ ಒಂದು ಸುತ್ತು ಹೋಗಿಬರುತ್ತೇವೆ. ದಾರಿಯಲ್ಲಿ ಹಿನ್ನೀರು ಕಾಣುತ್ತಲೇ ಅವಳು ಸೆರಗಿನೊಳಗೆ ಎರಡೂ ಕೈ ಜೋಡಿಸುತ್ತಾಳೆ. ಅಲ್ಲಿ ನೀರು ಬಂದು ನಿಂತ ಮೊದಲ ವರ್ಷವೇ ನಾನು ಇದನ್ನು ಕಂಡುಹಿಡಿದಿದ್ದೆ. ಬ್ಯಾಂಕಿನವನ ಮನೆ ಮುಳುಗಿದ ಜಾಗಕ್ಕೆ ಇವಳು ಯಾಕೆ ಕೈ ಮುಗಿಯಬೇಕು? ಕೇಳಲಿಕ್ಕೆ ಧೈರ್ಯ ಸಾಲಲಿಲ್ಲ. ಕೇಳಿದರೆ ಎಲ್ಲಿ ಖರೆ ಹೇಳಿಬಿಡುತ್ತಾಳೋ ಎಂಬ ಹೆದರಿಕೆ.

ಈ ಗಂಟು ಬಿಚ್ಚಿದ್ದು ಆಸ್ಟ್ರೇಲಿಯಾದ ಚುನಾವಣೆ ಎಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ನಮ್ಮ ಓಣಿಯ ನೇಕಾರರ ಹುಡುಗಿಯೊಬ್ಬಳು ನನ್ನ ಹತ್ತಿರ ಕಲಿತವಳು. ಬಾಗಲಕೋಟೆಯಲ್ಲಿ ನರ್ಸಿಂಗ್ ಓದಿ, ಈಗ ಆಸ್ಟ್ರೇಲಿಯಾದ ಒಳನಾಡಿನ ಸಣ್ಣ ಊರೊಂದರಲ್ಲಿ, ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಸುತ್ತಲೂ ಗೋಧಿ ಹೊಲ, ಕುರಿ, ನಮ್ಮ ಬಾದಾಮಿ ಕಡೆಯಂಥದೇ ಕೆಂಪು ಮಣ್ಣು ಎಂದು ಫೋಟೊ ಕಳಿಸುತ್ತಿದ್ದಳು. ಅಲ್ಲಿಯ ಪೌರತ್ವ ಸಿಕ್ಕು, ಮೊದಲ ಸಲ ಮತ ಹಾಕುವ ಸಂಭ್ರಮ ಅವಳದು. ಆ ಊರಿನ ಕ್ಲಿನಿಕ್ಕಿಗೆ ಕಾಯಂ ಡಾಕ್ಟರೇ ಇರಲಿಲ್ಲ. ಆಶ್ರಮದ ಅಜ್ಜ ಅಜ್ಜಿಯರನ್ನು ಎರಡು ತಾಸು ಗಾಡಿಯಲ್ಲಿ ಕರೆದೊಯ್ಯಬೇಕಿತ್ತು. ಅದನ್ನೇ ಮಾತಾಡಿ ಮಾತಾಡಿ ಬೇಸತ್ತ ಊರಿನ ಪಶುವೈದ್ಯೆಯೊಬ್ಬಳು ಯಾವ ಪಕ್ಷವೂ ಇಲ್ಲದೆ ಚುನಾವಣೆಗೆ ನಿಂತಿದ್ದಳು. ‘ದನದ ಡಾಕ್ಟರು ಮನಿಷ್ಯಾರ ಡಾಕ್ಟರ ಸಲುವಾಗಿ ನಿಂತಾರ್ರಿ ಸರ್’ ಎಂದು ಹುಡುಗಿ ಹೇಳಿದಾಗ ನಾನು ಆ ಅಭ್ಯರ್ಥಿಯ ಪರವಾಗಿಬಿಟ್ಟೆ.

ಚುನಾವಣೆ ಎಂದರೆ ನನಗೆ ಮೈಯಲ್ಲಿ ಹುಮ್ಮಸ್ಸು. ಶಾಯಿ ಹಚ್ಚುವ ಕೆಲಸದಿಂದ ಹಿಡಿದು ಮತಗಟ್ಟೆಯ ಮುಖ್ಯಾಧಿಕಾರಿಯವರೆಗೆ ಎಲ್ಲ ಮಾಡಿದವನು. ಬಾದಾಮಿ ತಾಲ್ಲೂಕಿನ ಹಳ್ಳಿಗಳ ಕನ್ನಡ ಸಾಲಿಗಳಲ್ಲಿ ಬೆಂಚಿನ ಮೇಲೆ ಮಲಗಿ ಬೆನ್ನು ನೋಯಿಸಿಕೊಂಡವನು. ನಿವೃತ್ತಿಯಾದ ಮೇಲೆ ಯಾರೂ ಕರೆಯದೆ ಕೈ ಕಡಿಯುತ್ತಿತ್ತು.

ಮತದಾನದ ದಿನ ಶನಿವಾರ. ಹುಡುಗಿ ಬೆಳಿಗ್ಗೆಯೇ ಫೋಟೊ ಕಳಿಸಿದಳು. ಮತಗಟ್ಟೆಯಿದ್ದ ಸಾಲಿಯ ಅಂಗಳದಲ್ಲಿ ಬ್ರೆಡ್ಡಿನೊಳಗೆ ಮಾಂಸದ ತುಂಡು ಇಟ್ಟು ಮಾರುತ್ತಿದ್ದಾರೆ. ಇವಳು ಬರೀ ಹುರಿದ ಉಳ್ಳಾಗಡ್ಡಿ ಹಾಕಿಸಿಕೊಂಡು ನಿಂತಿದ್ದಾಳೆ. ಆಮೇಲೆ ತನ್ನ ಬೆರಳಿನ ಫೋಟೊ. ಶಾಯಿ ಇಲ್ಲ! ಪೆನ್ಸಿಲಿನಿಂದ ಬರೆದು ಬಂದಳಂತೆ.

‘ಇದೆಂಥಾ ಎಲೆಕ್ಷನ್ನವಾ? ಶಾಯಿ ಹಚ್ಚದ ಮತ ಹಾಕಸ್ತಾರ?’ ಎಂದು ನಾನು ಫೋನಿನಲ್ಲೇ ದಬಾಯಿಸಿದೆ.

ಹೆಂಡತಿ ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ‘ಶಾಯಿ ಇಲ್ಲಂದ್ರ ಏನು ಚಂದ’ ಎಂದು ತನ್ನಷ್ಟಕ್ಕೆ ಅಂದಳು. ನನ್ನ ಮಾತಿಗೆ ಅವಳು ಹೂಂಗುಟ್ಟಿದ್ದು ಅಪರೂಪ. ಆದರೂ ನಾನು ಹೆಚ್ಚು ಲಕ್ಷ್ಯ ಕೊಡಲಿಲ್ಲ.

ಅಲ್ಲಿ ಸಂಜೆ ಆರಕ್ಕೆ ಮತದಾನ ಮುಗಿದಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ಮೇ ತಿಂಗಳ ಇಳಕಲ್ಲಿನ ಬಿಸಿಲು; ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ನಾನು ಊಟ ಮುಗಿಸಿ, ಹಾಳೆಯಲ್ಲಿ ಗೆರೆ ಎಳೆದು, ಅವರ ಆಯೋಗದ ಪುಟ ತೆರೆದು ಕೂತೆ. ಸಣ್ಣ ಸಣ್ಣ ಊರುಗಳ ಮತಗಟ್ಟೆಗಳ ಲೆಕ್ಕ ಒಂದೊಂದಾಗಿ ಬರತೊಡಗಿತು. ಹೆಸರು ಓದಲು ನಾಲಿಗೆ ಹೊರಳದಿದ್ದರೂ ಆ ಸಾಲಿಗಳೆಲ್ಲ ನನ್ನವೇ ಅನ್ನಿಸಿದವು. ಅಲ್ಲೂ ಯಾರೋ ಮಾಸ್ತರರು ಬೆನ್ನು ನೋಯಿಸಿಕೊಂಡು ಎಣಿಸುತ್ತಿರಬಹುದು. ದೊಡ್ಡ ಶಹರಗಳ ಫಲಿತಾಂಶ ಬೇಗ ಸ್ಪಷ್ಟವಾಗಿ, ದೇಶದ ಸರ್ಕಾರ ಯಾರದೆಂಬುದು ನಮ್ಮ ಚಹಾದ ಹೊತ್ತಿಗೇ ತೀರ್ಮಾನವಾಯಿತು. ನನ್ನ ಕಣ್ಣು ಮಾತ್ರ ಆ ಒಂದು ಕ್ಷೇತ್ರ ಬಿಟ್ಟು ಕದಲಲಿಲ್ಲ. ಪಶುವೈದ್ಯೆ ಎರಡನೇ ಸ್ಥಾನದಲ್ಲಿದ್ದಳು. ಮೊದಲನೆಯವನು ಬಹಳ ಮುಂದಿದ್ದ. ಎಷ್ಟು ಹೊತ್ತು ನೋಡಿದರೂ ಅಂತರ ಕರಗಲಿಲ್ಲ.

ನಾನು ಕನ್ನಡಕ ತೆಗೆದಿಟ್ಟು ಹುಡುಗಿಗೆ ಧ್ವನಿಸಂದೇಶ ಕಳಿಸಿದೆ. ‘ನೋಡವಾ, ಆಕಿ ಸೋತಳು. ಇಷ್ಟು ವರ್ಷ ಎಲೆಕ್ಷನ್ ಮಾಡಿದಾಂವ ಹೇಳ್ತೇನಿ, ಇದು ಮುಗೀತು. ಮನಸ್ಸಿಗೆ ಹಚ್ಚಿಕೋಬ್ಯಾಡ. ಒಂದು ತುತ್ತು ಉಂಡು ಮಲಕೋ.’

ಹತ್ತು ನಿಮಿಷಕ್ಕೆ ಅವಳ ಫೋನ್ ಬಂತು. ಹಿಂದೆ ಹತ್ತಾರು ಜನ ಗೊಳ್ಳೆಂದು ನಗುವ ಸದ್ದು. ನನ್ನ ಸಂದೇಶವನ್ನು ಅಲ್ಲಿ ಸೇರಿದ್ದವರಿಗೆಲ್ಲ ಕೇಳಿಸಿ, ಅರ್ಥವನ್ನೂ ಹೇಳಿದ್ದಳು.

‘ಸರ್, ನೀವು ಆಕಿನ್ನ ಜೀವಂತ ಹುಗದು, ತಿಥಿನೂ ಮಾಡಿದ್ರಲ್ರಿ!’ ಎಂದಳು. ‘ಎಣಿಕಿ ಇನ್ನೂ ಶುರುನ ಆಗಿಲ್ರಿ.’

‘ಎಣಿಸಿದ್ದು ನಾ ನೋಡಿಲ್ಲೇನು?’

‘ಅದು ಬರೀ ಒಂದನೇ ನಂಬರಿಂದ್ರಿ. ನಮ್ಮಪ್ಪನ ಕಡೆ ಸೀರಿ ಕೇಳಾಕ ಬರೋರು ಏನಂತಿದ್ರು ಹೇಳ್ರಿ? ದಾಳಿಂಬ್ರಿ ಬಣ್ಣದ್ದು ಕೊಡ್ರಿ, ಅದಿಲ್ಲಂದ್ರ ಗಿಳಿಹಸರು, ಅದೂ ಇಲ್ಲಂದ್ರ ನೇರಳಿ ಅಂತಿದ್ದಿಲ್ರಿ? ಇಲ್ಲೂ ಹಂಗ. ಚೀಟ್ಯಾಗ ಎಲ್ಲಾರ ಹೆಸರಿನ ಮುಂದ ಒಂದು, ಎರಡು, ಮೂರು ಅಂತ ಬರೀಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರಲಿಲ್ಲಂದ್ರ, ಎಲ್ಲಾರಕಿಂತ ಕೆಳಗ ಇದ್ದಾವನ್ನ ತಗೀತಾರ. ಅವನ ಚೀಟಿ ಮ್ಯಾಲ ಎರಡನೇ ನಂಬರ್ ಯಾರಿಗೈತಿ, ಅವರಿಗೆ ಕೊಡ್ತಾರ. ಹಿಂಗ ಒಬ್ಬೊಬ್ಬರನ್ನ ತಗದು ಕಡೀಕ ಇಬ್ಬರ ಉಳೀಬೇಕು.’

ಎರಡನೇ ನಂಬರ್ ಎಂಬ ಮಾತು ಕಿವಿಗೆ ಬೀಳುತ್ತಲೇ ನಾನು ಅಭ್ಯಾಸಬಲದಿಂದ ಹೆಂಡತಿಯ ಕಡೆ ನೋಡಿದೆ. ಅವಳು ಮೊರವನ್ನು ಕೆಳಗಿಟ್ಟು ಫೋನಿನ ಹತ್ತಿರ ಸರಿದಿದ್ದಳು.

‘ಏ ಹುಡುಗಿ, ಆ ಎರಡನೇ ನಂಬರಿನ ಮತಕ್ಕ ಕಿಮ್ಮತ್ತು ಎಷ್ಟು? ಅರ್ಧಾ ಹಿಡೀತಾರೇನು?’

‘ಇಲ್ಲ ಕಾಕು, ಪೂರಾ ಹಿಡೀತಾರ. ಒಂದಕ್ಕ ಒಂದು. ಗೆದ್ದ ಮ್ಯಾಲ ಯಾರ ಚೀಟ್ಯಾಗ ಎಷ್ಟನೇ ನಂಬರ್ ಇತ್ತು ಅಂತ ಯಾರೂ ಕೇಳೂದಿಲ್ಲ.’

‘ಹಂಗಾದ್ರ ಛಲೋ ಪದ್ಧತಿ’ ಎಂದು ಹೆಂಡತಿ ಎದ್ದು ಹೋದಳು. ಹೋಗುವಾಗ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ನಗು ಇತ್ತೋ, ಬೇಸರ ಇತ್ತೋ ತಿಳಿಯದೆ ನಾನು ಎರಡು ದಿನ ಒದ್ದಾಡಿದೆ.

ಅಂಚೆಯ ಮತಗಳೂ ಬಂದು ಸೇರಬೇಕಿದ್ದರಿಂದ ಎಣಿಕೆ ಬೇಗ ಮುಗಿಯಲಿಲ್ಲ. ‘ಇದು ಮುಗೀತು’ ಎಂದಿದ್ದ ನಾನೇ ದಿನಕ್ಕೆ ನಾಲ್ಕು ಸಲ ಆ ಪುಟ ತೆರೆದು ನೋಡತೊಡಗಿದೆ. ಅಂತರ ಒಂದು ದಿನ ಕರಗುತ್ತಿತ್ತು, ಮರುದಿನ ಬೆಳೆಯುತ್ತಿತ್ತು. ಹೆಂಡತಿಯೂ ರೊಟ್ಟಿ ಬಡಿಯುತ್ತಲೇ ‘ಏನಂತಾಳ ನಿಮ್ಮ ದನದ ಡಾಕ್ಟರು?’ ಎಂದು ಕೇಳುತ್ತಿದ್ದಳು. ಇಬ್ಬರೂ ಒಂದೇ ವಿಷಯಕ್ಕೆ ಕಾಯುತ್ತ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನಗಳು ನನಗೆ ಹಿತವಾಗಿದ್ದವು ಎಂದು ಈಗ ಹೇಳಲು ಸಂಕೋಚವಿಲ್ಲ.

ಮುಂದಿನ ವಾರ ಹೆಂಡತಿಯ ಅಕ್ಕನ ಮನೆಗೆಂದು ವಿದ್ಯಾಗಿರಿಗೆ ಹೋದೆವು. ಕುಪ್ಪಸದ ಅರಿವೆ ತರಬೇಕೆಂದು ಹಳೇ ಊರಿನ ಪೇಟೆಗೆ ಆಟೊ ಹಿಡಿದೆವು. ಅರ್ಧ ದಾರಿಯಲ್ಲಿ ಫೋನ್ ಬಂತು.

‘ಗೆದ್ಲರಿ ಸರ್! ಎರಡನೇ ನಂಬರಿನ ಮತದಾಗ ಗೆದ್ಲು! ಕಾಕುಗೂ ಹೇಳ್ರಿ!’

ಹುಡುಗಿ ಅಳುತ್ತಿದ್ದಳು. ಅವಳ ಆಶ್ರಮದ ಅಜ್ಜ ಅಜ್ಜಿಯರಿಗೆ ಡಾಕ್ಟರು ನಾಳೆಯೇ ಬಂದುಬಿಡುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಕೇಳುವವರು ಒಬ್ಬರು ಆದರಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಜೋರಾಗಿ ‘ಶಾಬಾಸ್’ ಎಂದೆ. ಆಟೊದವನು ತಿರುಗಿ ನೋಡಿ ‘ಮ್ಯಾಚ್ ಏನ್ರಿ ಸರ?’ ಎಂದು ಕೇಳಿದ.

ಫೋನ್ ಇಟ್ಟು ಖುಷಿಯಲ್ಲಿ ಹೆಂಡತಿಯ ಕಡೆ ತಿರುಗಿದರೆ, ಅವಳ ಎರಡೂ ಕೈ ಸೆರಗಿನೊಳಗೆ ಸೇರಿದ್ದವು. ಹೊರಗೆ ಹಿನ್ನೀರು. ಬೇಸಿಗೆಗೆ ನೀರು ಹಿಂದೆ ಸರಿದು, ಮುಳುಗಿದ ಮನೆಗಳ ಬುನಾದಿಯ ಕಲ್ಲು, ಒಂದು ಕಟ್ಟೆ, ಮೋಟು ಗೋಡೆ ಬಯಲಿಗೆ ಬಿದ್ದಿದ್ದವು. ನನ್ನ ಖುಷಿ ಇಳಿದುಹೋಯಿತು. ವರ್ಷಗಟ್ಟಲೆ ತಡೆದಿದ್ದ ಪ್ರಶ್ನೆ ಬಾಯಿಗೆ ಬಂದೇಬಿಟ್ಟಿತು.

‘ಅಂವ ಇದ್ದ ಮನಿಗೆ ಇನ್ನೂ ಕೈ ಮುಗೀತಿಯೇನು?’

ಅವಳು ನನ್ನ ಹತ್ತಿರ ಸರಿದು ಕೂತಳು. ಆಮೇಲೆ ಆಟೊದವನಿಗೆ ಕೇಳಿಸದಂತೆ ಹೇಳಿದಳು.

‘ಆ ಒಂದನೇ ನಂಬರು ಹಾಕಿದ್ದು ನಮ್ಮಪ್ಪ. ನನ್ನ ಚೀಟಿ ಯಾರರ ಕೇಳಿದ್ರೇನು? ನಿಮ್ಮನ್ನ ನಾ ಮೊದಲ ನೋಡಿದ್ದು ನೀವು ಕನ್ಯಾ ನೋಡಾಕ ಬಂದ ದಿನ ಅಲ್ಲ. ಅದಕಿಂತ ಮೊದಲ, ಹುನಗುಂದದಾಗ ಎಲೆಕ್ಷನ್ ದಿನ. ನೀವು ಶಾಯಿ ಹಚ್ಚಾಕ ಕುಂತಿದ್ರಿ. ನನ್ನ ಮುಂದ ನಮ್ಮ ಅಜ್ಜಿ ಇದ್ದಳು. ಆಕಿ ಬೆರಳು ಒಡದು ರಕ್ತ ಬರತಿತ್ತು. ನೀವು ನಿಮ್ಮ ಕರವಸ್ತ್ರ ತಗದು ಒರಸಿ, ಬ್ಯಾರೆ ಬೆರಳಿಗೆ ಮೆಲ್ಲಕ ಹಚ್ಚಿ, ಅದು ಒಣಗೋತನಾ ಆಕಿ ಕೈ ಹಿಡಕೊಂಡು ಕುಂತ್ರಿ. ಹಿಂದ ಸಾಲು ನಿಂತವರು ಬೈಯಾಕತ್ತಿದ್ರು. ನೀವು ತಲಿ ಎತ್ತಿ ನೋಡಲಿಲ್ಲ.’

ಆ ಮುದುಕಿ ನನಗೆ ನೆನಪಿಲ್ಲ. ಆ ಸಾಲೂ ನೆನಪಿಲ್ಲ. ಎಷ್ಟು ಸಾವಿರ ಬೆರಳಿಗೆ ಶಾಯಿ ಹಚ್ಚಿದ್ದೇನೋ! ಅವುಗಳಲ್ಲಿ ಒಂದು ಇವಳದಾಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

‘ಆವಾಗ ಆ ಸಂಬಂಧ ಆಗಲೇ ಗಟ್ಟಿ ಆಗಿತ್ತು. ನಾ ಏನು ಹೇಳಾಕ ಬರತಿತ್ತು?’ ಎಂದಳು. ‘ಈ ನೀರು ಬರತೈತಿ ಅಂತ ಅವರು ಲಗ್ನಾ ಮುಂದ ಹಾಕಲಿಲ್ಲಂದ್ರ ನನ್ನ ಅಲ್ಲೇ ಕೊಟ್ಟುಬಿಡತಿದ್ರು. ಅದಕ್ಕ ನೀರಿಗೆ ಕೈ ಮುಗೀತೇನಿ.’

‘ಇಷ್ಟು ವರ್ಷ ಯಾಕ ಹೇಳಲಿಲ್ಲ?’ ಎಂದು ಕೇಳಿದೆ.

ಅವಳು ಹೊರಗೆ ಆ ಮೋಟು ಗೋಡೆಗಳ ಕಡೆ ನೋಡಿದಳು. ‘ಎಷ್ಟು ಮಂದಿ ಮನೀ ಬಿಟ್ಟು ಅಳಕೋತ ಹೋದ್ರು. ಊರು ಮುಳುಗಿದ್ದಕ್ಕ ನನಗ ಒಳ್ಳೇದಾತು ಅಂತ ಬಾಯಿಬಿಟ್ಟು ಹೆಂಗ ಹೇಳ್ಲಿ? ಪಾಪ ಹತ್ತೂದಿಲ್ಲೇನು? ಅದಕ್ಕ ಸೆರಗಿನಾಗ ಮುಗೀತಿದ್ದೆ.’

ಮೂವತ್ತು ವರ್ಷ ಉಪ್ಪಿನ ನೆಪ, ಚಹಾದ ನೆಪ ಮಾಡಿ ಅವಳನ್ನು ಚುಚ್ಚಿದ್ದೆಲ್ಲ ಒಟ್ಟಿಗೇ ನೆನಪಾಗಿ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಬಂತು. ಅದನ್ನು ಕೃತಜ್ಞತೆ ಎಂದು ಬರೆದರೆ ಪಾಠದ ಶಬ್ದದಂತೆ ಕಾಣುತ್ತದೆ, ಆದರೆ ಅದು ಅದೇ. ಇವಳಿಗೆ, ಆ ಒಡೆದ ಬೆರಳಿನ ಮುದುಕಿಗೆ, ನನ್ನ ಅವಸರದ ಸಂದೇಶಕ್ಕೆ ನಕ್ಕು ಎರಡನೇ ನಂಬರಿನ ಬೆಲೆ ಹೇಳಿಕೊಟ್ಟ ಹುಡುಗಿಗೆ.

ಪೇಟೆಯಲ್ಲಿ ಅರಿವೆ ಆರಿಸುವಾಗ ಅಂಗಡಿಯವನು, ಅವಳು ಕೇಳಿದ ಬಣ್ಣ ತೀರಿದೆ, ಇನ್ನೊಂದು ತೋರಿಸಲೇ ಎಂದ. ‘ತೋರಸ್ರಿ’ ಎಂದು ಅವಳು ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ.

ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಹಿನ್ನೀರು ಕಂಡಾಗ ಅವಳಿಗಿಂತ ಮೊದಲು ನಾನೇ ಕೈ ಜೋಡಿಸಿದೆ. ಮೊದಲು ಆ ಮೋಟು ಗೋಡೆಗಳಿಗೆ, ಆಮೇಲೆ ನೀರಿಗೆ.